ಆಕ್ಚುರಿಯಲ್ ಸೈನ್ಸ್: ಆನರ್ಸ್ ಪದವಿ ಬೇಕೇ, ಪರೀಕ್ಷೆ ಸಾಕೇ?

ಪ್ರಶ್ನೆ: ಮಗಳು ಹಾಸನದಲ್ಲಿ ದ್ವಿತೀಯ ಪಿಯು ಓದುತ್ತಿದ್ದಾಳೆ, ಪಿಸಿಎಂಸಿ. ಆಕ್ಚುರಿಯಲ್ ಸೈನ್ಸ್‌ನಲ್ಲಿ ಆನರ್ಸ್ ಮಾಡುತ್ತೇನೆ ಎಂದು ಹಠ ಹಿಡಿದಿದ್ದಾಳೆ. ಇಲ್ಲಿ ವಿಚಾರಿಸಿದ ಕಡೆ ಆ ಹೆಸರಿನ ಕೋರ್ಸ್ ಸಿಗಲಿಲ್ಲ. ಸಾಲ ಮಾಡಿಯಾದರೂ ಹೊರಗೆ ಕಳಿಸಬೇಕೇ?
– ಒಬ್ಬ ತಂದೆ, ಹಾಸನ

ಉತ್ತರ: ಸಾಲಕ್ಕೆ ಸಹಿ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. ಆಕ್ಚುರಿ ಎಂದರೆ ವಿಮೆ, ಪಿಂಚಣಿಯಂಥವುಗಳ ಅಪಾಯವನ್ನು ಗಣಿತದಿಂದ ಅಳೆದು ಬೆಲೆ ಕಟ್ಟುವವರು. ನಮ್ಮ ದೇಶದಲ್ಲಿ ಒಬ್ಬರು ಆಕ್ಚುರಿ ಆಗುವುದು ವಿಶ್ವವಿದ್ಯಾಲಯದ ಪದವಿಯಿಂದಲ್ಲ. 2006ರ ಆಕ್ಚುರೀಸ್ ಕಾಯ್ದೆಯಡಿ ಇರುವ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಪಾಸು ಮಾಡಿ, ಅದರ ಫೆಲೋ ಆದವರೇ ಆಕ್ಚುರಿ. ಫೆಲೋ ಆಗಲು 13 ಪತ್ರಿಕೆಗಳಿವೆ, ಕೆಲಸದ ಅನುಭವವೂ ಬೇಕು. ಅದರ ಬಾಗಿಲು ಎಸಿಇಟಿ ಎಂಬ ಪ್ರವೇಶ ಪರೀಕ್ಷೆ. ಪಿಯು ಮುಗಿದ ಮೇಲೆ ಬರೆಯಬಹುದು. ಗಣಿತ, ಸಂಖ್ಯಾಶಾಸ್ತ್ರ, ದತ್ತಾಂಶ ವಿಶ್ಲೇಷಣೆ, ಇಂಗ್ಲಿಷ್, ತಾರ್ಕಿಕ ಪ್ರಶ್ನೆಗಳು ಇರುತ್ತವೆ.

‘ಆನರ್ಸ್’ ಎಂಬ ಪದದ ಬಗ್ಗೆಯೂ ಗೊಂದಲ ಬೇಡ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021–22ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ನಾಲ್ಕು ವರ್ಷದ ಆನರ್ಸ್ ಬಂತು. 2024–25ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಈಗ ಆಕ್ಚುರಿಯಲ್ ಆನರ್ಸ್ ಎಂದು ಕಾಣುವುದು ಹೆಚ್ಚಾಗಿ ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳ, ಹೊರರಾಜ್ಯಗಳ, ಹೊರದೇಶಗಳ ಪ್ರಕಟಣೆಗಳಲ್ಲಿ. ಅಂಥ ಕೋರ್ಸಿಗೆ ಬೆಲೆ ಬರುವುದು ವೃತ್ತಿ ಪರೀಕ್ಷೆಯ ಪತ್ರಿಕೆಗಳಿಗೆ ವಿನಾಯಿತಿ ಇದ್ದಾಗ. ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದಲ್ಲಿ ಅದು ಇದೆ. ನಿಗದಿತ ಅಂಕ ಬಂದರೆ ಬ್ರಿಟನ್ನಿನ ಆಕ್ಚುರಿ ಸಂಸ್ಥೆ ಆ ಪತ್ರಿಕೆಗಳನ್ನು ಬಿಡುತ್ತದೆ. ನೀವು ನೋಡುತ್ತಿರುವ ಕಾಲೇಜಿಗೆ ಮೂರು ಪ್ರಶ್ನೆ ಕೇಳಿ: ಯಾವ ಪತ್ರಿಕೆಗೆ ವಿನಾಯಿತಿ, ಯಾವ ಸಂಸ್ಥೆಯಿಂದ, ಎಷ್ಟು ಅಂಕಕ್ಕೆ? ಉತ್ತರ ಲಿಖಿತವಾಗಿ ಬರಲಿ. ‘ಸಿಲಬಸ್ ಪರೀಕ್ಷೆಗೆ ಹೊಂದಿಕೊಂಡಿದೆ’ ಎಂಬ ಮಾತು ವಿನಾಯಿತಿ ಅಲ್ಲ. ಎಷ್ಟೋ ಕುಟುಂಬಗಳು ಇಲ್ಲೇ ಮೋಸ ಹೋಗುವುದು.

ವಿನಾಯಿತಿ ಇಲ್ಲದ ದುಬಾರಿ ಆನರ್ಸ್‌ಗಿಂತ ಊರಿನಲ್ಲೇ ಗಣಿತದ ಬಿಎಸ್ಸಿ, ಜೊತೆಗೆ ವೃತ್ತಿ ಪರೀಕ್ಷೆ – ಇದೇ ಒಳ್ಳೆಯ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾಂಬಿನೇಷನ್‌ನಲ್ಲಿ ಸಂಖ್ಯಾಶಾಸ್ತ್ರ ಸಿಗುವ ಕಾಲೇಜಿಗೆ ಮೊದಲ ಆದ್ಯತೆ ಕೊಡಿ. ಹಾಸ್ಟೆಲ್ಲಿಗೆ ಹೋಗುವ ದುಡ್ಡಿನಲ್ಲಿ ಪರೀಕ್ಷಾ ಶುಲ್ಕವನ್ನೂ ಒಂದು ಒಳ್ಳೆಯ ಲ್ಯಾಪ್‌ಟಾಪನ್ನೂ ಭರಿಸಬಹುದು.

ಪ್ರಶ್ನೆ: ಬಿಎಸ್ಸಿ ಎರಡನೇ ವರ್ಷ. ಎಸಿಇಟಿ ಪಾಸಾಗಿದೆ. ಸುಲಭವೆಂದು ಬಿಸಿನೆಸ್ ಪತ್ರಿಕೆಗಳನ್ನು ಮೊದಲು ಮುಗಿಸಿದೆ. ಸಿಎಂ1 (ವಿಮೆಯ ಗಣಿತದ ಪತ್ರಿಕೆ) ಎರಡು ಸಲ ಹೋಯಿತು. ಸೂತ್ರಗಳೆಲ್ಲ ಬಾಯಿಪಾಠ ಇವೆ. ಎಲ್ಲಿ ತಪ್ಪುತ್ತಿದ್ದೇನೆ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಬಾಯಿಪಾಠದಲ್ಲೇ ತಪ್ಪುತ್ತಿದ್ದೀರಿ. ಸಿಎಂ1ರಲ್ಲಿ ಪ್ರತಿ ಸೂತ್ರದ ಹಿಂದೆಯೂ ಒಂದು ಹಣದ ಹರಿವಿದೆ: ಯಾರು, ಯಾವಾಗ, ಬದುಕಿದ್ದರೆ ಕೊಡುತ್ತಾರೋ ಸತ್ತರೆ ಕೊಡುತ್ತಾರೋ. ಅದನ್ನು ಕಾಲರೇಖೆಯ ಮೇಲೆ ಬರೆಯದೆ ಸೂತ್ರಕ್ಕೆ ಕೈಹಾಕಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ.

ಒಂದು ಚಿಕ್ಕ ಲೆಕ್ಕ ಪೆನ್ನು ಹಿಡಿದು ಮಾಡಿ. ಒಂದೇ ವಯಸ್ಸಿನ 1,00,000 ಜನ, ತಲಾ 1 ಲಕ್ಷ ರೂಪಾಯಿಯ ಮೂರು ವರ್ಷದ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಹಣ. ಸಾವುಗಳು ಕ್ರಮವಾಗಿ 200, 220, 250 ಎಂದಿಟ್ಟುಕೊಳ್ಳಿ. ಬಡ್ಡಿ ಶೇ 6, ಪರಿಹಾರ ವರ್ಷದ ಕೊನೆಗೆ. ಪರಿಹಾರದ ಇಂದಿನ ಮೌಲ್ಯ ತಲಾ 188.68, 195.80, 209.90 ರೂಪಾಯಿ, ಒಟ್ಟು 594.38. ಒಂದೇ ಕಂತಿನಲ್ಲಿ ಕಟ್ಟುವುದಾದರೆ ಖರ್ಚು, ಲಾಭ ಸೇರಿಸದ ಪ್ರೀಮಿಯಂ ಇದೇ.

ಈಗ ವರ್ಷಕ್ಕೊಮ್ಮೆ ಕಟ್ಟುವುದಾದರೆ? ಮೂರರಿಂದ ಭಾಗಿಸಿ 198.13 ಎಂದು ಬರೆಯುವವರು ಬಹಳ. ಆದರೆ ಎರಡನೇ ಕಂತು ಕಟ್ಟಲು ಉಳಿದಿರುವವರು 99,800, ಮೂರನೆಯದಕ್ಕೆ 99,580. ಆ ಕಂತುಗಳು ತಡವಾಗಿ ಬರುವುದರಿಂದ ಬಡ್ಡಿಯನ್ನೂ ಕಳೆಯಬೇಕು. ಮೂರು ಕಂತಿನ ನಿಜವಾದ ತೂಕ 1 + 0.9415 + 0.8863, ಅಂದರೆ 2.8278. 594.38ನ್ನು ಇದರಿಂದ ಭಾಗಿಸಿದರೆ 210.19. ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ 12 ರೂಪಾಯಿ ಅಂತರ. ಲಕ್ಷ ಜನಕ್ಕೆ ಮೊದಲ ಕಂತಿನಲ್ಲೇ 12 ಲಕ್ಷದ ಕೊರತೆ. ಈ ಅಂತರ ಎಲ್ಲಿಂದ ಬಂತೆಂದು ಮಾತಿನಲ್ಲಿ ವಿವರಿಸಲು ಬಂದ ದಿನ ಸೂತ್ರ ತಾನಾಗಿ ನೆನಪಿರುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ ಮೀಸಲು ನಿಧಿ: ಮೊದಲ ವರ್ಷದ ಕೊನೆಗೆ ಕಂಪನಿಯ ಕೈಯಲ್ಲಿ ಎಷ್ಟಿರಬೇಕು ಎಂದು ಇದೇ ಅಂಕಿಗಳಿಂದ ಲೆಕ್ಕ ಹಾಕಿ.

ಸಿಎಂ ಪತ್ರಿಕೆಗಳ ಎರಡನೇ ಭಾಗ ಎಕ್ಸೆಲ್‌ನಲ್ಲಿ, ಸಿಎಸ್‌ನದು (ಸಂಖ್ಯಾಶಾಸ್ತ್ರದ ಪತ್ರಿಕೆಗಳದು) ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಇವನ್ನು ಕೊನೆಯ ತಿಂಗಳಿಗೆ ತಳ್ಳಬೇಡಿ. ಮೇಲಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕಟ್ಟಿ, ಬಡ್ಡಿದರವನ್ನು ಒಂದೇ ಕೋಶದಲ್ಲಿ ಇಡಿ. ಅದನ್ನು ಶೇ 6ರಿಂದ 5ಕ್ಕೆ ಇಳಿಸಿದಾಗ ಇಡೀ ಹಾಳೆ ಬದಲಾಗಬೇಕು. ಬದಲಾಗದಿದ್ದರೆ ಎಲ್ಲೋ ಅಂಕಿಯನ್ನು ಕೈಯಲ್ಲೇ ಟೈಪ್ ಮಾಡಿದ್ದೀರಿ.

ಸಿಎಸ್1 ಮತ್ತು ಸಿಎಂ1 ಮೊದಲು, ಬಿಸಿನೆಸ್ ಪತ್ರಿಕೆಗಳು ನಡುನಡುವೆ. ಕೆಲಸಕ್ಕೆ ಕರೆಯುವವರು ಮೊದಲು ನೋಡುವುದೂ ಈ ಗಣಿತದ ಪತ್ರಿಕೆಗಳನ್ನೇ.

ಪ್ರಶ್ನೆ: ನಾಲ್ಕನೇ ವರ್ಷದ ಆನರ್ಸ್ ಪ್ರಾಜೆಕ್ಟ್‌ಗೆ ನಮ್ಮ ಕಡೆಯ ವಿಷಯವೇ ಬೇಕೆಂದಿದ್ದೇನೆ. ಮನೆಯಲ್ಲಿ ಕಾಫಿ, ಮೆಣಸು ಇದೆ. ದಾರಿ ತೋರಿಸಿ.
– ವಿದ್ಯಾರ್ಥಿ, ಮೂಡಿಗೆರೆ (ಓದುತ್ತಿರುವುದು ಹೊರರಾಜ್ಯದಲ್ಲಿ)

ಉತ್ತರ: ಒಳ್ಳೆಯ ಆಲೋಚನೆ. ಮೆಣಸು, ಅಡಿಕೆಗೆ ಮಲೆನಾಡಿನಲ್ಲಿ ಹವಾಮಾನ ಆಧಾರಿತ ವಿಮೆ ಇದೆ. ಇಲ್ಲಿ ತೋಟಕ್ಕೆ ಬಂದು ಯಾರೂ ನಷ್ಟ ಅಳೆಯುವುದಿಲ್ಲ. ಮಳೆಮಾಪಕದ ಅಂಕಿ ನಿಗದಿತ ಮಿತಿ ದಾಟಿದರೆ ಪರಿಹಾರ. ಮಾಪಕದ ಬಳಿ ಸಾಧಾರಣ ಮಳೆ, ಗುಡ್ಡದ ಆಚೆಯ ತೋಟದಲ್ಲಿ ಸೊರಗು ರೋಗ ಬರುವಷ್ಟು ಮಳೆ ಆದರೆ ಬೆಳೆಗಾರನಿಗೆ ಏನೂ ಸಿಗುವುದಿಲ್ಲ. ಈ ಅಂತರವನ್ನು ಬೇಸಿಸ್ ರಿಸ್ಕ್ ಎನ್ನುತ್ತಾರೆ. ಘಟ್ಟದ ಅಂಚಿನಲ್ಲಿ ಕೆಲವೇ ಕಿಲೋಮೀಟರಿಗೆ ಮಳೆ ಬದಲಾಗುವ ನಿಮ್ಮ ತಾಲ್ಲೂಕು ಇದರ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜಾಗ.

ಪ್ರಾಜೆಕ್ಟಿನ ತಿರುಳು ಕ್ರೆಡಿಬಿಲಿಟಿ ಸಿದ್ಧಾಂತ ಆಗಲಿ. ಒಂದು ಪಂಚಾಯಿತಿಯ ಮಾಹಿತಿ 10 ವರ್ಷದ್ದು ಮಾತ್ರ ಇದೆ ಎನ್ನಿ. ಅದರಂತೆ ಎಕರೆಗೆ ಸರಾಸರಿ ಪರಿಹಾರ 6,000 ರೂಪಾಯಿ, ತಾಲ್ಲೂಕಿನ ಸರಾಸರಿ 4,000. ಯಾವುದನ್ನು ನಂಬಬೇಕು? ಬುಲ್‌ಮನ್ ವಿಧಾನದಲ್ಲಿ ಸ್ಥಳೀಯ ಅಂಕಿಗೆ ಕೊಡುವ ತೂಕ ಎನ್/(ಎನ್+ಕೆ). ಎನ್ ಎಂದರೆ ವರ್ಷಗಳು. ಕೆ ಎಂದರೆ ಒಂದೇ ಪಂಚಾಯಿತಿಯಲ್ಲಿ ವರ್ಷದಿಂದ ವರ್ಷಕ್ಕಿರುವ ಏರುಪೇರನ್ನು (ವೇರಿಯನ್ಸ್) ಪಂಚಾಯಿತಿಗಳ ನಡುವಿನ ಏರುಪೇರಿನಿಂದ ಭಾಗಿಸಿದ್ದು. ಕೆ 15 ಬಂದರೆ ತೂಕ 0.4, ಅಂದಾಜು 2,400 + 2,400, ಅಂದರೆ 4,800 ರೂಪಾಯಿ. ಇವು ವಿಧಾನ ತೋರಿಸಲು ಇಟ್ಟ ಅಂಕಿಗಳು, ನಿಮ್ಮ ಕೆ ನಿಮ್ಮ ದತ್ತಾಂಶದಿಂದಲೇ ಬರಬೇಕು.

ಮಳೆಯ ಅಂಕಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಾಲೇಜಿನ ಪತ್ರದೊಂದಿಗೆ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳು ಅವರ ಬಳಿ ಇವೆ. ಅಂಕಿ ಕೈಗೆ ಬಂದಾಗ ಮೊದಲು ಸೊನ್ನೆಗಳನ್ನು ಪರೀಕ್ಷಿಸಿ. ಮಳೆ ಬಾರದ ದಿನದ ಸೊನ್ನೆ ಬೇರೆ, ಮಾಪಕ ಕೆಟ್ಟು ನಿಂತ ದಿನದ ಸೊನ್ನೆ ಬೇರೆ. ಜುಲೈ ಮಧ್ಯದಲ್ಲಿ ಅಕ್ಕಪಕ್ಕದ ಪಂಚಾಯಿತಿಗಳೆಲ್ಲ 80 ಮಿಲಿಮೀಟರ್ ತೋರಿಸುವಾಗ ಒಂದು ಕಡೆ ಮಾತ್ರ ಐದು ದಿನ ಸತತ ಸೊನ್ನೆ ಇದ್ದರೆ ಅದನ್ನು ‘ಮಾಹಿತಿ ಇಲ್ಲ’ ಎಂದು ಗುರುತಿಸಿ. ಹಾಗೇ ಬಿಟ್ಟರೆ ಸರಾಸರಿ ಕುಸಿಯುತ್ತದೆ, ಪರಿಹಾರದ ಅಂದಾಜು ತಗ್ಗುತ್ತದೆ. ಮನೆಯ ತೋಟದಲ್ಲಿ ಮಳೆ ಬರೆದಿಟ್ಟ ಹಳೆಯ ಪುಸ್ತಕವಿದ್ದರೆ ಅದನ್ನೂ ತೆಗೆದಿಡಿ. ಹತ್ತಿರದ ಮಾಪಕದ ಅಂಕಿಯ ಪಕ್ಕದಲ್ಲಿ ಅದನ್ನು ದಿನ ದಿನಕ್ಕೆ ಜೋಡಿಸಿದರೆ ಬೇಸಿಸ್ ರಿಸ್ಕ್ ಎಷ್ಟೆಂಬುದು ಮಿಲಿಮೀಟರ್ ಲೆಕ್ಕದಲ್ಲೇ ಸಿಗುತ್ತದೆ.