ಶಿಳ್ಳೆ ಕೂಗುವ ಹೊತ್ತಿಗೆ ಹೊರಗಿರಬೇಕು: ಉಸಿರಾಟದ ಸೆಟ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೋನಿಯಾ ಸೋರಿದರೆ ಬೇಕೆಂದು ನಮ್ಮ ಐಸ್ ಪ್ಲಾಂಟಿನಲ್ಲಿ ಎರಡು ಬಿ.ಎ. ಸೆಟ್ (ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಇರುವ ಉಸಿರಾಟದ ಸೆಟ್) ಇಟ್ಟಿದ್ದೇವೆ. 6 ಲೀಟರಿನ ಸಿಲಿಂಡರ್, 45 ನಿಮಿಷ ಬರುತ್ತದೆ ಎಂದು ಹೇಳಿ ಮಾರಿದ್ದರು. ಅಣಕು ಕಾರ್ಯಾಚರಣೆಯಲ್ಲಿ 20 ನಿಮಿಷಕ್ಕೇ, ಗಾಳಿ ಕಡಿಮೆಯಾಯಿತೆಂದು ಎಚ್ಚರಿಸುವ ಶಿಳ್ಳೆ ಕೂಗಿತು. ಸೆಟ್ ಕೆಟ್ಟಿದೆಯೇ? (ಮಲ್ಪೆಯ ಓದುಗರು)

ಉತ್ತರ: ಸೆಟ್ ಕೆಟ್ಟಿರಲಿಕ್ಕಿಲ್ಲ. 6 ಲೀಟರನ್ನು ತುಂಬಿದ ಸಿಲಿಂಡರಿನ ಒತ್ತಡವಾದ 300 ಬಾರ್‌ನಿಂದ ಗುಣಿಸಿದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರಿನಂತೆ ಭಾಗಿಸಿದರೆ 45 ನಿಮಿಷ. ಮಾರುವವರ ಲೆಕ್ಕ ಇಷ್ಟೇ. ಆದರೆ ಅಷ್ಟು ಒತ್ತಡದಲ್ಲಿ ಸಿಲಿಂಡರಿನೊಳಗೆ ಹಿಡಿಸುವ ಗಾಳಿ ಈ ಗುಣಾಕಾರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮೇಲಾಗಿ ಬೆನ್ನ ಮೇಲೆ ಭಾರ ಹೊತ್ತು, ಸೆಕೆಯಲ್ಲಿ, ಗಾಬರಿಯಲ್ಲಿ ಕೆಲಸ ಮಾಡುವವನಿಗೆ ನಿಮಿಷಕ್ಕೆ 60 ಲೀಟರ್ ಬೇಕಾಗುತ್ತದೆ, ಏಣಿ ಹತ್ತುವಾಗ ಇನ್ನೂ ಹೆಚ್ಚು. ಹಾಗಾಗಿ 20 ನಿಮಿಷಕ್ಕೆ ಶಿಳ್ಳೆ ಕೂಗಿದ್ದು ಸಹಜವೇ.

ಶಿಳ್ಳೆ ಕೂಗುವುದು ಸುಮಾರು 55 ಬಾರ್‌ನಲ್ಲಿ. ಆಗ ಉಳಿದಿರುವುದು 330 ಲೀಟರ್, ಅಂದರೆ ಐದು ನಿಮಿಷದ ಚಿಲ್ಲರೆ ಗಾಳಿ. ಅದನ್ನು ‘ಇನ್ನು ಹೊರಡೋಣ’ ಎಂಬ ಸೂಚನೆಯೆಂದು ತಿಳಿಯುವುದೇ ದೊಡ್ಡ ತಪ್ಪು. ಒಳಗೆ ಹೋಗಲು ಎಷ್ಟು ಬಾರ್ ಖರ್ಚಾಯಿತೋ ಅದರ ಎರಡು ಪಟ್ಟು ಮರಳಲು ಇರಲಿ. 280 ಬಾರ್‌ನಲ್ಲಿ ಹೊರಟು, ಸೋರುವ ವಾಲ್ವ್ ಮುಟ್ಟುವಾಗ ಒತ್ತಡ ತೋರಿಸುವ ಗೇಜಿನ ಮುಳ್ಳು 220ಕ್ಕೆ ಬಂದಿದ್ದರೆ ಖರ್ಚು 60. ಹಾಗಾದರೆ 120 ಕಂಡ ಕೂಡಲೇ ಕೆಲಸ ಅರ್ಧಕ್ಕಿದ್ದರೂ ತಿರುಗಿ. ಇಬ್ಬರು ಹೋದಾಗ ಯಾರ ಗೇಜ್ ಕೆಳಗಿದೆಯೋ ಅದೇ ಇಬ್ಬರಿಗೂ ಲೆಕ್ಕ.

ಆದರೂ ಸೋರಿಕೆಯ ಸಂಶಯ ತೀರಿಸಿಕೊಳ್ಳಿ. ಸಿಲಿಂಡರ್ ವಾಲ್ವ್ ಪೂರ್ತಿ ತೆರೆದು ಗೇಜ್ ನೋಡಿ. 270ಕ್ಕಿಂತ ಕೆಳಗಿದ್ದರೆ ತುಂಬಿಸಲು ಕಳಿಸಿ. ಅನಂತರ ವಾಲ್ವ್ ಮುಚ್ಚಿ ಒಂದು ನಿಮಿಷ ಕಾಯಿರಿ. ಮುಳ್ಳು 10 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಹೆಚ್ಚಾಗಿ ಸಿಲಿಂಡರ್ ಜೋಡಿಸುವಲ್ಲಿನ ಓ-ರಿಂಗ್ ಎಂಬ ರಬ್ಬರ್ ಬಳೆ ಸೀಳಿರುತ್ತದೆ. ಇಳಿಯದಿದ್ದರೆ, ಉಸಿರೆಳೆದಾಗ ಮಾಸ್ಕಿಗೆ ಗಾಳಿ ಬಿಡುವ ಡಿಮಾಂಡ್ ವಾಲ್ವಿನ ಬಾಯಿಗೆ ಅಂಗೈ ಒತ್ತಿ, ಗಾಳಿಯನ್ನು ತುಸುತುಸುವೇ ಬಿಡುತ್ತಾ ಮುಳ್ಳು ನೋಡಿ. 55ರ ಆಸುಪಾಸಿನಲ್ಲಿ ಶಿಳ್ಳೆ ಕೇಳಲೇಬೇಕು. ಬಂದರಿನ ಉಪ್ಪುಗಾಳಿಗೆ ಶಿಳ್ಳೆಯ ಸಣ್ಣ ತೂತು ಕಟ್ಟಿಕೊಳ್ಳುವುದುಂಟು, ಆದ್ದರಿಂದ ಈ ಪರೀಕ್ಷೆಯನ್ನು ಯಾವತ್ತೂ ಬಿಡಬೇಡಿ.

ಇನ್ನೊಂದು ಮಾತು: ಬಿ.ಎ. ಸೆಟ್ ಕಾಯುವುದು ಮುಖ ಮತ್ತು ಶ್ವಾಸಕೋಶವನ್ನು ಮಾತ್ರ. ಅಮೋನಿಯಾ ಬೆವರಿನಲ್ಲಿ ಕರಗಿ ಕಂಕುಳು, ತೊಡೆಸಂದಿಯನ್ನು ಸುಡುತ್ತದೆ. ಮೋಡದಂತೆ ದಟ್ಟವಾಗಿ ಸೋರಿದ್ದರೆ ಅನಿಲ ನುಗ್ಗದ ಪೂರ್ಣ ಸೂಟ್ ಇಲ್ಲದೆ ಯಾರೂ ಒಳಹೋಗಬಾರದು.

ಪ್ರಶ್ನೆ: ಹತ್ತಿರದ ಆಕ್ಸಿಜನ್ ಅಂಗಡಿಯಲ್ಲೇ ಸಿಲಿಂಡರ್ ತುಂಬಿಸಬಹುದೇ? (ಬೈಕಂಪಾಡಿ)

ಉತ್ತರ: ಖಂಡಿತ ಬೇಡ. ಇದರಲ್ಲಿರುವುದು ನಾವು ಉಸಿರಾಡುವ ಸಾದಾ ಗಾಳಿಯೇ, ಆಕ್ಸಿಜನ್ ಸುಮಾರು 21 ಶೇಕಡಾ ಮಾತ್ರ. ಒತ್ತಡದ ಶುದ್ಧ ಆಕ್ಸಿಜನ್‌ಗೆ ಗ್ರೀಸಿನ ಒಂದು ಕಲೆ ತಗಲಿದರೂ ಬೆಂಕಿ ಹತ್ತಬಹುದು. ಟಯರಿಗೆ ಗಾಳಿ ಹಾಕುವ ಕಂಪ್ರೆಸರಿಗೆ ಅಷ್ಟು ಒತ್ತಡವೂ ಇಲ್ಲ, ಎಣ್ಣೆ ಸೋಸುವ ಫಿಲ್ಟರೂ ಇಲ್ಲ. ಉಸಿರಾಟದ ಗಾಳಿಗೆಂದೇ ಇರುವ ಹೈಪ್ರೆಷರ್ ಕಂಪ್ರೆಸರೇ ಬೇಕು. ಅಲ್ಲಿಯೂ ಎರಡು ವಿಷಯ ವಿಚಾರಿಸಿ. ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಎಲ್ಲಿದೆ? ಲಾರಿ ನಿಲ್ಲುವ ಕಡೆಗಿದ್ದರೆ ಡೀಸೆಲ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಸೀದಾ ಸಿಲಿಂಡರಿಗೆ ಸೇರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ಫಿಲ್ಟರ್ ಯಾವಾಗ ಬದಲಿಸಿದ್ದಾರೆ? ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅದು ಬೇಗ ನೀರು ಕುಡಿದು ಸೋಲುತ್ತದೆ.

ತುಂಬುವಾಗ ಅವಸರ ಮಾಡಿದರೆ ಸಿಲಿಂಡರ್ ಬಿಸಿಯಾಗುತ್ತದೆ. ಬಿಸಿಯಲ್ಲಿ 300 ತೋರಿಸಿದ ಮುಳ್ಳು ತಣಿದ ಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿಯೇ ಮನೆಗೆ ತನ್ನಿ.

ಪ್ರಶ್ನೆ: ಒಳಗೆ ಜೊತೆಗಾರನ ಗಾಳಿ ಮುಗಿದರೆ ನಮ್ಮ ಮಾಸ್ಕ್ ತೆಗೆದು ಕೊಡಬಹುದೇ? (ಕುಂದಾಪುರ)

ಉತ್ತರ: ಕೊಡಬೇಡಿ. ಮಾಸ್ಕಿನೊಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿರುವುದರಿಂದಲೇ ಹೊಗೆ ಒಳನುಗ್ಗುವುದಿಲ್ಲ. ತೆಗೆದ ಕ್ಷಣ ಆ ರಕ್ಷಣೆ ಹೋಯಿತು, ಕೊನೆಗೆ ಇಬ್ಬರೂ ಬೀಳುತ್ತೀರಿ. ಕೆಲವು ಸೆಟ್‌ಗಳ ಸೊಂಟದ ಬಳಿ ಎರಡನೆಯವನಿಗೆಂದು ಒಂದು ಜೋಡಣೆ ಇರುತ್ತದೆ. ಅವನ ಹೋಸನ್ನು ಅದಕ್ಕೆ ಸಿಕ್ಕಿಸಿ ಕೂಡಲೇ ಇಬ್ಬರೂ ಹೊರಡಿ, ಒಂದೇ ಸಿಲಿಂಡರನ್ನು ಇಬ್ಬರು ಖಾಲಿ ಮಾಡುತ್ತಿರುತ್ತೀರಿ. ಬೇರೆ ಬೇರೆ ಕಂಪನಿಯ ಜೋಡಣೆಗಳು ಒಂದಕ್ಕೊಂದು ಕೂರದಿರಬಹುದು, ಅದನ್ನು ಇವತ್ತೇ ಹಗಲು ಬೆಳಕಲ್ಲಿ ಸಿಕ್ಕಿಸಿ ನೋಡಿ. ಹೊರಗೆ ಕಾಯುವ ತಂಡದ ಬಳಿ ತುಂಬಿದ ಸಿಲಿಂಡರ್, ಮಾಸ್ಕ್, ಉದ್ದದ ಹೋಸ್ ಇರುವ ರಕ್ಷಣಾ ಚೀಲವಿದ್ದರೆ ಎಲ್ಲಕ್ಕಿಂತ ಮೇಲು. ಬಾಗಿಲು ನಾಲ್ಕೇ ಹೆಜ್ಜೆ ದೂರವಿದ್ದರೆ ಜೋಡಿಸುತ್ತಾ ಕೂರಬೇಡಿ, ಎಳೆದು ತನ್ನಿ.

ಪ್ರಶ್ನೆ: ಬಾವಿಗಿಳಿಯಲು ಮೂತಿಗೆ ಡಬ್ಬಿ ಇರುವ ಗ್ಯಾಸ್ ಮಾಸ್ಕ್ ಸಾಕೇ? (ಬ್ರಹ್ಮಾವರ)

ಉತ್ತರ: ಸಾಲದು. ಡಬ್ಬಿ ವಿಷವನ್ನು ಸೋಸುತ್ತದೆಯೇ ಹೊರತು ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಮೀನಿನ ತ್ಯಾಜ್ಯದ ಟ್ಯಾಂಕಿಗೂ ಇದೇ ಮಾತು. ಬಿ.ಎ. ಸೆಟ್ ಹಾಕುವವರು ಗಡ್ಡ ಬೋಳಿಸಿರಬೇಕು. ಎರಡು ದಿನದ ಕುರುಚಲು ಗಡ್ಡವಿದ್ದರೂ ಮಾಸ್ಕಿನ ರಬ್ಬರ್ ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ.