ಮತ ಹಾಕುವ ಮೊದಲು ಸೆಕ್ಷನ್ 25

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೈಲಟ್ ಆಗಿ ಪ್ರೊಬೇಷನ್ ಮುಗಿಸಿ, ಯೂನಿಯನ್ ಕಂಪನಿಯೊಡನೆ ಮಾಡಿಕೊಳ್ಳುವ ಒಪ್ಪಂದದ ಕರಡಿನ ಮೇಲೆ ಮೊದಲ ಬಾರಿಗೆ ಮತ ಹಾಕಲಿರುವ ನೀವು, ಸಂಬಳ ಇಷ್ಟು ಏರುತ್ತಿರುವಾಗ ಕೆಲಸದ ವೇಳಾಪಟ್ಟಿಯ ನಿಯಮಗಳಿಗಾಗಿ ಪೈಲಟ್‌ಗಳು ಏಕೆ ಇಷ್ಟು ಜಗಳವಾಡುತ್ತಿದ್ದಾರೆ ಎಂದು ಕೇಳಿದ್ದೀರಿ. ಡಲ್ಲಾಸಿನ ಅಣ್ಣನ ಮನೆಯಿಂದ ನಿಮ್ಮ ಹಾರಾಟಗಳು ಶುರುವಾಗುವ ಶಿಕಾಗೊ ಬೇಸ್‌ಗೆ ಓಡಾಡಬಹುದೇ, ಜೂನ್‌ನಲ್ಲಿ ತಂದೆತಾಯಿಯನ್ನು ಕರೆಸಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ನೀವು ಜಕ್ಕೂರಿನಲ್ಲಿ ಕಲಿತವರೆಂದು ತಿಳಿದು ಸಂತೋಷವಾಯಿತು. ನಾನು ಮೊದಲ ಬಾರಿಗೆ ಒಬ್ಬನೇ ಹಾರಿದ್ದೂ ಅದೇ ರನ್‌ವೇಯಿಂದ. ನನ್ನನ್ನು ‘ಸರ್’ ಎನ್ನಬೇಕಾಗಿಲ್ಲ, ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಆದರೂ ಬಹಳ ದಿನಗಳ ನಂತರ ಕೇಳಿ ಹಿತವೆನಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಕಂಪನಿಯ ಕರೆಗೆ ಕಾದಿದ್ದು, ಕರೆ ಬಂದ ಎರಡು ಗಂಟೆಯೊಳಗೆ ಹಾಜರಾಗಬೇಕಾದ ಶಾರ್ಟ್ ಕಾಲ್ ರಿಸರ್ವ್‌ನಲ್ಲಿ ಇರುವಷ್ಟು ಕಾಲ ಡಲ್ಲಾಸಿನ ಆಸೆ ಬಿಡಿ. ಶಿಕಾಗೊದ ಓಹೇರ್ ವಿಮಾನ ನಿಲ್ದಾಣದ ಸಮೀಪ, ಪೈಲಟ್‌ಗಳು ಹಂಚಿಕೊಂಡು ತಂಗುವ ಯಾವುದಾದರೂ ಕ್ರ್ಯಾಶ್ ಪ್ಯಾಡಿನಲ್ಲಿ ಒಂದು ಮಂಚ ಹಿಡಿಯಿರಿ. ನಮ್ಮ ಹಾಸ್ಟೆಲುಗಳನ್ನು ಕಂಡವರಿಗೆ ಅದರಲ್ಲಿ ಹೊಸದೇನೂ ಇಲ್ಲ, ಒಗ್ಗರಣೆ ಹಾಕುವ ಮುನ್ನ ಹೊಗೆಯ ಅಲಾರಂ ಎಲ್ಲಿದೆಯೆಂದು ನೋಡಿಕೊಂಡರೆ ಸಾಕು. ಸಂಬಳದ ಕೋಷ್ಟಕವನ್ನು ನೀವೇ ಓದಿದ್ದೀರಿ, ಏರಿಕೆ ಚೆನ್ನಾಗಿಯೇ ಇದೆ.

ಇನ್ನು ವೇಳಾಪಟ್ಟಿ. ಊರಿನಲ್ಲಿ ಕೆಲಸದ ಮಿತಿಯೆಂದರೆ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾಕಿದ ಗೆರೆ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ಮೇಲೆ, 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ಆ ಜಾಗದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ಪಾರ್ಟ್ 117 ಎಂಬ ನಿಯಮವಿದೆ. 2009ರ ಫೆಬ್ರುವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ನಂತರ ರೂಪುಗೊಂಡು, 2014ರ ಜನವರಿಯಲ್ಲಿ ಜಾರಿಗೆ ಬಂದ ಈ ನಿಯಮವು, ಇಬ್ಬರೇ ಪೈಲಟ್‌ಗಳಿರುವ ವಿಮಾನದಲ್ಲಿ ಕರ್ತವ್ಯದ ಅವಧಿಯನ್ನು ಅದು ಶುರುವಾಗುವ ಹೊತ್ತಿಗೂ ಹಾರಾಟಗಳ ಸಂಖ್ಯೆಗೂ ತಕ್ಕಂತೆ 9ರಿಂದ 14 ಗಂಟೆಗೆ ಮಿತಿಗೊಳಿಸುತ್ತದೆ. ಅದಕ್ಕೆ ಮುನ್ನ 10 ಗಂಟೆಯ ವಿಶ್ರಾಂತಿಯನ್ನೂ, ಯಾವುದೇ 168 ಗಂಟೆಗಳಲ್ಲಿ ಒಟ್ಟಿಗೆ 30 ಗಂಟೆಯ ಬಿಡುವನ್ನೂ ಕಡ್ಡಾಯ ಮಾಡುತ್ತದೆ. ಆದರೆ ಪಾರ್ಟ್ 117ಕ್ಕೆ ಬೇಕಾದದ್ದು ನಿಮ್ಮ ದಣಿವಿನ ಲೆಕ್ಕ ಮಾತ್ರ. ನಾಳೆ ಮನೆಯಲ್ಲಿ ಗೌರಿ ಹಬ್ಬವೋ ಮಗುವಿನ ನಾಮಕರಣವೋ ಅದಕ್ಕೆ ಬೇಕಿಲ್ಲ. ಆ ದಿನ ನಿಮ್ಮದೋ ಕಂಪನಿಯದೋ ಎಂದು ತೀರ್ಮಾನಿಸುವುದು ಒಪ್ಪಂದ.

ಇದು ನನಗೆ ತಿಳಿದದ್ದು ತಡವಾಗಿ. 2015ರಲ್ಲಿ ನಾನೊಂದು ಸಣ್ಣ ವಿಮಾನ ಸಂಸ್ಥೆಗೆ ಸೇರಿದೆ. ಎರಡನೆಯ ವರ್ಷ ಇಂಥದೇ ಕರಡು ಬಂತು. ಸಹಿ ಮಾಡಿದ್ದಕ್ಕೆ ಬೋನಸ್ ಇತ್ತು, ಊರಿನ ಮನೆಯ ಸಾಲ ತೀರಿಸುವುದಿತ್ತು. ಸಂಬಳದ ಎರಡು ಪುಟ ಓದಿ ‘ಹೌದು’ ಎಂದು ಮತ ಹಾಕಿದೆ. ಮರುವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮ ಮೊದಲ ಬಾರಿಗೆ ಬಂದರು. ನನ್ನ ನಾಲ್ಕು ದಿನದ ಟ್ರಿಪ್, ಅಂದರೆ ಹಾರಾಟಗಳ ಸರಣಿ, ಮಧ್ಯಾಹ್ನ ಎರಡಕ್ಕೆ ಶಿಕಾಗೊದಲ್ಲಿ ಮುಗಿಯುವುದಿತ್ತು, ಅವರು ಐದಕ್ಕೆ ಇಳಿಯುವುದಿತ್ತು. ಕ್ಲೀವ್‌ಲೆಂಡಿನಲ್ಲಿ ಕೊನೆಯ ಹಾರಾಟಕ್ಕೆ ಸಿದ್ಧವಾಗುತ್ತಿದ್ದಾಗ ನಮಗೆ ಹಾರಾಟಗಳನ್ನು ಹಂಚುವ ಕ್ರೂ ಶೆಡ್ಯೂಲಿಂಗ್ ವಿಭಾಗದಿಂದ ಫೋನ್ ಬಂತು: ಶಿಕಾಗೊದಲ್ಲಿ ಗುಡುಗುಮಳೆ, ವಿಮಾನವನ್ನು ಷಾರ್ಲಟ್‌ಗೆ ಒಯ್ಯಿರಿ, ನಾಳೆ ಬೆಳಿಗ್ಗೆ ಪ್ರಯಾಣಿಕನಾಗಿ ಮರಳಿ ಬನ್ನಿ. ನಾಳೆ ನನಗೆ ರಜೆ, ತಂದೆತಾಯಿ ಬರುತ್ತಿದ್ದಾರೆ ಎಂದೆ. ಫೋನ್ ಮಾಡಿದಾಕೆ ಒರಟಾಗಿ ಮಾತನಾಡಲಿಲ್ಲ. ಒಪ್ಪಂದದಲ್ಲಿ ವೇಳಾಪಟ್ಟಿಯ ನಿಯಮಗಳಿರುವ ಸೆಕ್ಷನ್ 25ರಲ್ಲಿ ಮರುನಿಯೋಜನೆಯ ಷರತ್ತು ನೋಡಿ ಎಂದಳು. ನೋಡಿದೆ. ‘ಅಸಾಧಾರಣ ಸಂದರ್ಭಗಳಲ್ಲಿ’ ಟ್ರಿಪ್ಪನ್ನು ಮರುದಿನ ಮಧ್ಯಾಹ್ನದವರೆಗೆ ಚಾಚಬಹುದೆಂದು ಅಲ್ಲಿ ಬರೆದಿತ್ತು, ಯಾವುದು ಅಸಾಧಾರಣ ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ನಾನೇ ಮತ ಹಾಕಿದ್ದ ವಾಕ್ಯ ಅದು.

ಹೆಂಡತಿ ಆ ವಾರ ಕಚೇರಿಯ ಕೆಲಸಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಳು. ಅರೋರಾದಿಂದ ಕನ್ನಡ ಕೂಟದ ಪರಿಚಯದವರೊಬ್ಬರು ಮಳೆಯಲ್ಲಿ ಹೊರಟು ಬಂದು ತಲುಪುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಐದನೆಯ ಟರ್ಮಿನಲ್ಲಿನ ಹೊರಬಾಗಿಲ ಬಳಿ ಅಪ್ಪ ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದರಂತೆ. ಅಮ್ಮ ಚಕ್ಕುಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ತೆರೆದರೆ ನಾನು ಬಂದ ಮೇಲೆಯೇ ಎಂದು, ಏನೂ ತಿನ್ನದೆ ಕುಳಿತಿದ್ದರಂತೆ. ಮರುದಿನ ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: ‘ವಿಮಾನ ಓಡಿಸುವವನಿಗೇ ವಿಮಾನ ನಿಲ್ದಾಣಕ್ಕೆ ಬರಲಾಗಲಿಲ್ಲವೇನೋ?’ ಅವರು ನಕ್ಕೇ ಹೇಳಿದರು. ಮತ್ತೆ ಬರಲು ಎಷ್ಟು ಕರೆದರೂ ಒಪ್ಪಲಿಲ್ಲ.

ಏಕೆ ಒಪ್ಪಿಕೊಂಡು ಹೋದಿರಿ ಎಂದು ನೀವು ಕೇಳಬಹುದು. ‘ಈಗ ಹಾರು, ಆಮೇಲೆ ದೂರು’ ಎಂಬುದು ಇಲ್ಲಿನ ಪದ್ಧತಿ. ದಣಿದಿದ್ದರೆ ಹಾರುವುದಿಲ್ಲ ಎನ್ನಬಹುದು, ಕಂಪನಿ ಒಪ್ಪಂದ ಮುರಿದಿದೆ ಎಂದು ಹಾಗೆನ್ನುವಂತಿಲ್ಲ. ನಾನು ದೂರು ಕೊಟ್ಟೆ. ಹದಿನಾಲ್ಕು ತಿಂಗಳ ನಂತರ ನಾಲ್ಕು ಗಂಟೆಯ ಹೆಚ್ಚುವರಿ ಸಂಬಳ ಬಂತು. ಇನ್ನೊಂದು ತೊಡಕೆಂದರೆ, 1926ರ ರೈಲ್ವೆ ಕಾರ್ಮಿಕ ಕಾಯ್ದೆಯಡಿ (ವಿಮಾನಗಳಿಗೆ 1936ರಿಂದ ಅದೇ ಕಾನೂನು) ಒಪ್ಪಂದದ ಅವಧಿ ತೀರುವುದೇ ಇಲ್ಲ. ತಿದ್ದಬಹುದಾದ ದಿನ ಬರುತ್ತದೆ, ಮಾತುಕತೆ ವರ್ಷಗಟ್ಟಲೆ ಎಳೆಯುತ್ತದೆ, ಅಲ್ಲಿಯವರೆಗೆ ಹಳೆಯ ವಾಕ್ಯವೇ ಆಳುತ್ತದೆ.

ನಿಮ್ಮವರ ಜಗಳವೂ ಇದೇ. ಸೀನಿಯಾರಿಟಿ ಉಳ್ಳವರು ತಮಗೆ ಬೇಕಾದ ಟ್ರಿಪ್ಪುಗಳನ್ನು ಬಿಡ್ ಮಾಡಿ, ಅಂದರೆ ಮೊದಲೇ ಕೋರಿಕೆ ಸಲ್ಲಿಸಿ, ಪಡೆಯುತ್ತಾರೆ, ರಿಸರ್ವ್‌ನ ಷರತ್ತು ಅವರನ್ನು ಮುಟ್ಟುವುದಿಲ್ಲ, ಆದ್ದರಿಂದ ಅವರ ಕಣ್ಣು ಸಂಬಳದ ಮೇಲೆ. ಅವರದು ತಪ್ಪೆಂದು ನಾನು ಹೇಳಲಾರೆ, ಈಗ ನಾನೂ ಆ ಗುಂಪಿನವನೇ. ನೀವು ಮಾತ್ರ ಕರೆ ಬಂದ ಎಷ್ಟು ಹೊತ್ತಿಗೆ ಹಾಜರಾಗಬೇಕು, ರಜೆಯ ದಿನಕ್ಕೆ ಟ್ರಿಪ್ ನುಗ್ಗಿದರೆ ಆ ದಿನವನ್ನು ಮರಳಿ ಕೊಡುತ್ತಾರೋ ಬರೀ ಹಣ ಕೊಡುತ್ತಾರೋ, ‘ಅಸಾಧಾರಣ’ಕ್ಕೆ ಅರ್ಥ ಬರೆದಿದ್ದಾರೋ ನೋಡಿ. ‘ಇಲ್ಲ’ ಎಂದರೆ ಎಲ್ಲವೂ ಹೋಗುತ್ತದೆ ಎಂದು ಹೆದರಿಸುವವರೂ ಇರುತ್ತಾರೆ. 2022ರ ನವೆಂಬರಿನಲ್ಲಿ ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು ಶೇ. 94ರಷ್ಟು ಮತದಿಂದ ಕರಡನ್ನು ತಿರಸ್ಕರಿಸಿದರು, ಮರುವರ್ಷ ಸೆಪ್ಟೆಂಬರಿನಲ್ಲಿ ಬೇರೊಂದಕ್ಕೆ ಒಪ್ಪಿದರು. ಎಲ್ಲ ಕಡೆ ಹಾಗೆಯೇ ಆಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

ತಂದೆತಾಯಿಯನ್ನು ಖಂಡಿತ ಕರೆಸಿಕೊಳ್ಳಿ. ಅವರು ಇಳಿಯುವ ದಿನವನ್ನಷ್ಟೇ ಅಲ್ಲ, ಅದರ ಹಿಂದಿನ ದಿನವನ್ನೂ ರಜೆಯೆಂದು ಬಿಡ್ ಮಾಡಿ. ಸಿಗದಿದ್ದರೆ ತಿಳಿಸಿ, ಐದನೆಯ ಟರ್ಮಿನಲ್ಲಿಗೆ ನಾನೇ ಹೋಗುತ್ತೇನೆ.