ಹೈದರಾಬಾದಿನ ಹಳೆ ರಾತ್ರಿಗಳು: ಕಾಕಾನ್ನ ಕೇಳಿ

ಹೋದ ಸಂಚಿಕೆಯಲ್ಲಿ ಹೈದರಾಬಾದಿನ ನನ್ನ ಕಾಲೇಜು ದಿನಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಪತ್ರ ಬಂದವು. 1956ರಲ್ಲೇ ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು, ಆದ್ರೂ ನಮ್ಮ ಮಂದಿಗೆ ಆ ಊರಿನ ಹುಚ್ಚು ಬಿಟ್ಟಿಲ್ಲ. ಈ ಸಲ ಬರೀ ಅವೇ ಪ್ರಶ್ನೆಗಳು.

ಪ್ರಶ್ನೆ: ಕಾಕಾ, ನಮ್ಮಪ್ಪ 70ರ ದಶಕದಲ್ಲಿ ಹೈದರಾಬಾದಿನಲ್ಲಿ ಓದಿದವರು. ಅರ್ಧ ರಾತ್ರಿ ತನಕ ಊರು ತಿರುಗ್ತಿದ್ದೆವು ಅಂತ ಈಗಲೂ ಹೇಳ್ತಾರೆ. ಆಗ ಪಬ್ ಇಲ್ಲ, ಮಾಲ್ ಇಲ್ಲ. ಅಷ್ಟೊತ್ತು ಮಾಡ್ತಿದ್ದದ್ದಾದ್ರೂ ಏನು? (ಹುಮನಾಬಾದಿನ ಓದುಗ)

ಉತ್ತರ: ಚಹಾ ಕುಡೀತಿದ್ದೆವು ತಮ್ಮಾ. ತಮಾಷೆ ಮಾಡ್ತಿಲ್ಲ. ಆ ಊರಿನ ರಾತ್ರಿ ನಿಂತಿದ್ದೇ ಇರಾನಿ ಹೋಟೆಲಿನ ಮೇಲೆ, ಅಂದ್ರೆ ಇರಾನಿನಿಂದ ಬಂದು ನೆಲೆಸಿದವರು ಶುರು ಮಾಡಿದ ಚಹಾ ಹೋಟೆಲು. ಯಾವ ಚೌಕಿಗೆ ಹೋದರೂ ಮೂಲೆಯಲ್ಲೊಂದು ಇರಾನಿ ಹೋಟೆಲು, ಕಲ್ಲಿನ ಹಾಸಿನ ಮೇಜು, ಗೋಡೆ ತುಂಬ ಕನ್ನಡಿ, ಗಲ್ಲಾದಲ್ಲಿ ಮಾಲೀಕ. ಅಲ್ಲಿ ಚಹಾ ನಮ್ಮ ಮನೆಯ ಹಾಗೆ ಎಲ್ಲಾ ಒಟ್ಟಿಗೆ ಹಾಕಿ ಕುದಿಸೋದಲ್ಲ. ಡಿಕಾಕ್ಷನ್ ಬೇರೆ, ಹಾಲು ಬೇರೆ. ಡಿಕಾಕ್ಷನ್ ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಇಟ್ಟಿರ್ತಾರೆ, ಹಾಲು ಇನ್ನೊಂದರಲ್ಲಿ ಕಾದು ಕಾದು ಕೆನೆಗಟ್ಟಿ ದಪ್ಪ ಆಗಿರುತ್ತೆ, ಯಾರಾದರೂ ಬಂದು ಕೂತ ಮೇಲೆ ಎರಡನ್ನೂ ಕಪ್ಪಿನಲ್ಲಿ ಸೇರಿಸೋದು. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಅರ್ಧ ಸಿಹಿ, ಅರ್ಧ ಉಪ್ಪು. ಜೇಬಿನಲ್ಲಿ ಕಾಸು ಕಡಿಮೆ ಇದ್ದರೆ 'ಏಕ್ ಮೇ ದೋ', ಒಂದು ಚಹಾ ಎರಡು ಕಪ್ಪಿಗೆ. ಯಾರೂ ಮುಖ ಸಿಂಡರಿಸ್ತಿರಲಿಲ್ಲ. ಒಂದು ಕಪ್ಪಿನ ಮೇಲೆ ಎರಡು ತಾಸು ಕೂತರೂ ಎದ್ದೇಳಿ ಅನ್ನೋರಿಲ್ಲ. ಬಿಲ್ಲಿನ ಚೀಟಿಯೂ ಇಲ್ಲ. ನಾವು ಎದ್ದು ಹೊರಟ ಕೂಡಲೇ ಸಪ್ಲೈಯರ್ ಹಿಂದಿನಿಂದಲೇ ಗಲ್ಲಾಕ್ಕೆ ಕೂಗಿ ಹೇಳ್ತಿದ್ದ, ಚಶ್ಮಾದವರದು ಇಷ್ಟು, ಕರಿ ಟೋಪಿಯವರದು ಇಷ್ಟು ಅಂತ. ಜೊತೆಗೆ ಬಂದ ಗೆಳೆಯ ಎಷ್ಟು ಬಿಸ್ಕತ್ತು ತಿಂದ ಅಂತ ಇಡೀ ಹೋಟೆಲಿಗೆ ಗೊತ್ತಾಗ್ತಿತ್ತು.

ಅಬಿಡ್ಸ್‌ನಲ್ಲಿ ಓರಿಯಂಟ್ ಹೋಟೆಲ್ ಇತ್ತು. ಕವಿಗಳು, ಪತ್ರಕರ್ತರು, ಚಿತ್ರಕಾರರು, ರಾಜಕೀಯ ಮಾತಾಡೋರು ಎಲ್ಲಾ ಅಲ್ಲಿ. ಹತ್ತಿರದಲ್ಲೇ ಜಮರೂದ್ ಮಹಲ್, ಪ್ಯಾಲೇಸ್ ಟಾಕೀಸ್, ರಾಮಕೃಷ್ಣ. ಸೆಕೆಂಡ್ ಶೋ ಬಿಟ್ಟಾಗ ಇಡೀ ರಸ್ತೆ ಮತ್ತೆ ತುಂಬ್ತಿತ್ತು. ಬಸ್ ಇಲ್ಲ, ರಿಕ್ಷಾದವನು ಹೇಳಿದ ರೇಟಿಗೆ ನಮ್ಮ ಹತ್ರ ದುಡ್ಡಿಲ್ಲ, ಹಾಗಾಗಿ ಹಾಸ್ಟೆಲ್ ತನಕ ನಡಿಗೆ, ದಾರಿಯಲ್ಲಿ ಸಿನಿಮಾದ ಜಗಳ, ಮತ್ತೆ ನಾಂಪಲ್ಲಿ ಸ್ಟೇಷನ್ ಹತ್ರ ಇನ್ನೊಂದು ಚಹಾ. ಚಳಿಗಾಲದಲ್ಲಿ ಹಳೆ ಊರಿನ ಕಡೆ ಹೋದವರು ಬೆಳಗಿನ ಜಾವದ ನಹಾರಿ-ಕುಲ್ಚಾ (ಮಾಂಸದ ಸಾರು, ಜೊತೆಗೆ ರೊಟ್ಟಿ) ತಿಂದೇ ಬರ್ತಿದ್ದರು. ನಿಮ್ಮಪ್ಪನವರು ಮನೆಯಲ್ಲಿ ಇದನ್ನೂ ಹೇಳಿದ್ದಾರೋ ಇಲ್ವೋ!

ಪ್ರಶ್ನೆ: ಕುಡಿಯೋರು ಎಲ್ಲಿಗೆ ಹೋಗ್ತಿದ್ರು? ಚಹಾ ಕಥೆ ಹೇಳಿ ಜಾರಿಕೊಳ್ಳಬೇಡಿ. (ಶಹಾಪುರದ ಓದುಗ)

ಉತ್ತರ: ಬಡವರಿಗೆ ಸೇಂದಿ ಕಂಪೌಂಡು, ಕಾಸಿದ್ದವರಿಗೆ ಸಿಕಂದರಾಬಾದ್. ಅದು ಬ್ರಿಟಿಷರ ದಂಡಿನ ಊರಾಗಿತ್ತಲ್ಲ, ಕ್ಲಬ್ಬು, ಬಾರು, ಬ್ಯಾಂಡು, ಇಂಗ್ಲಿಷ್ ಸಿನಿಮಾ ಎಲ್ಲಾ ಆ ಕಡೆ. ಹುಸೇನ್ ಸಾಗರ ಕೆರೆಯ ಏರಿ, ಅದೇ ಟ್ಯಾಂಕ್ ಬಂಡ್, ದಾಟಿದರೆ ಬೇರೆ ಊರೇ. ನಾವು ಅಲ್ಲಿಗೆ ಹೋಗ್ತಿದ್ದದ್ದು ಸಂಗೀತ್ ಟಾಕೀಸಿನ ಇಂಗ್ಲಿಷ್ ಸಿನಿಮಾಕ್ಕೆ, ಇಷ್ಟಕ್ಕೆ ಸಾಕು.

ಪ್ರಶ್ನೆ: ಕಾಕಾ, ಹೋದ ಸಲ ನೀವು ಬರೆದದ್ದರಲ್ಲಿ ಬರೀ ಗಂಡಸರೇ ಇದ್ದರು. ಹೆಂಗಸರಿಗೆ ರಾತ್ರಿ ಇರಲಿಲ್ವಾ? (ಬೀದರಿನ ಓದುಗರು)

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಇರಾನಿ ಹೋಟೆಲು ಗಂಡಸರದ್ದೇ. ಅಪರೂಪಕ್ಕೆ ಮನೆಮಂದಿ ಕರಕೊಂಡು ಬಂದರೆ ಪರದೆ ಹಾಕಿದ ಬೇರೆ ಕೋಣೆ. ಹಳೆ ಟಾಕೀಸುಗಳಲ್ಲಿ ಜನಾನಾ ಕ್ಲಾಸು ಅಂತ ಬೇರೆ ಇರ್ತಿತ್ತು. ಸೈಕಲ್ ರಿಕ್ಷಾಕ್ಕೂ ಪರದೆ. ಆದ್ರೆ ವರ್ಷಕ್ಕೆ ಎರಡು ಸಲ ರಾತ್ರಿ ಪೂರ್ತಿ ಹೆಂಗಸರದ್ದಾಗ್ತಿತ್ತು. ಒಂದು ರಂಜಾನ್, ಲಾಡ್ ಬಜಾರಿನಲ್ಲಿ ಬಳೆ ಅಂಗಡಿ ಬೆಳಗಿನ ಜಾವದ ತನಕ ತೆರೆದಿರ್ತಿತ್ತು, ಚಾರ್ಮಿನಾರಿನ ಸುತ್ತ ಕಾಲಿಡೋಕೆ ಜಾಗ ಇಲ್ಲ. ಲಾಖಿನ (ಅರಗಿನ) ಬಳೆಗೆ ಕಲ್ಲು ಕೂರಿಸೋದನ್ನ ನೋಡ್ತಾ ನಮ್ಮ ದೊಡ್ಡವ್ವ ಕೂತುಬಿಟ್ಟರೆ ಏಳ್ತಿರಲಿಲ್ಲ. ಅಂಗಡಿಯವನು ಬಿಸಿ ಮಾಡಿ ಮೆತ್ತಗಾದ ಲಾಖನ್ನ ಉಂಗುರ ಮಾಡಿ, ಒಂದೊಂದೇ ಹರಳು ಒತ್ತುತ್ತಾ ಹೋಗ್ತಿದ್ದ, ಇವಳು ಪಕ್ಕದಲ್ಲಿ ಅದಲ್ಲ ಇದು ಹಾಕು ಅಂತ ಹಟ.

ಇನ್ನೊಂದು ನುಮಾಯಿಶ್, ಅಂದ್ರೆ ವರ್ಷಕ್ಕೊಮ್ಮೆ ನಡೆಯೋ ದೊಡ್ಡ ವಸ್ತುಪ್ರದರ್ಶನ. 1938ರಲ್ಲಿ ಉಸ್ಮಾನಿಯಾ ಯೂನಿವರ್ಸಿಟಿಯಲ್ಲಿ ಓದಿದ ಹುಡುಗರು ಪಬ್ಲಿಕ್ ಗಾರ್ಡನ್‌ನಲ್ಲಿ ಶುರು ಮಾಡಿದ್ದು, ಆಮೇಲೆ ನಾಂಪಲ್ಲಿ ಮೈದಾನಕ್ಕೆ ಬಂತು. ಜನವರಿ 1ರಿಂದ ಒಂದೂವರೆ ತಿಂಗಳು. ಹೆಂಗಸರಿಗೆ ಅಂತಲೇ ಒಂದು ದಿನ ಬೇರೆ. ಕಾಶ್ಮೀರದ ಶಾಲು, ಲಖನೌ ಬಟ್ಟೆ, ತಿರುಗೋ ತೊಟ್ಟಿಲು. ಕಲಬುರಗಿಯಿಂದ ಮದುವೆ ಜವಳಿ ನೆಪ ಮಾಡಿಕೊಂಡು ಮನೆಮಂದಿಯೆಲ್ಲ ಹೋಗ್ತಿದ್ದದ್ದು ಇದಕ್ಕೇ. ಜವಳಿ ಮಾತ್ರ ಕಡೇ ದಿನ ಗಡಿಬಿಡಿಯಲ್ಲಿ ತರ್ತಿದ್ದರು.

ಪ್ರಶ್ನೆ: ನಮ್ಮ ಮುತ್ಯಾ ರೊಕ್ಕದ ಮಾತು ಬಂದರೆ 'ಹಾಲಿಯೋ ಕಲ್ದಾರೋ' ಅಂತ ಕೇಳ್ತಿದ್ದ. ಏನದು? (ಆಳಂದದ ಓದುಗ)

ಉತ್ತರ: ಹಾಲಿ ಅಂದ್ರೆ ನಿಜಾಮರ ಸ್ವಂತ ದುಡ್ಡು, ನಾಣ್ಯದ ಮೇಲೆ ಚಾರ್ಮಿನಾರ್. ಕಲ್ದಾರ್ ಅಂದ್ರೆ ಬ್ರಿಟಿಷ್ ಇಂಡಿಯಾದ್ದು. 7 ರೂಪಾಯಿ ಹಾಲಿಗೆ 6 ರೂಪಾಯಿ ಕಲ್ದಾರ್. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಹೋದ ಮೇಲೂ ಕೆಲವು ವರ್ಷ ಎರಡೂ ನಡೆದವು. ಮುತ್ಯಾ ಸರಿಯಾಗೇ ಕೇಳ್ತಿದ್ದರು. ಕೇಳದೆ ವ್ಯಾಪಾರ ಮಾಡಿದರೆ ನೂರಕ್ಕೆ ಹದಿನಾಲ್ಕು ಹೋಯ್ತು.

ಪ್ರಶ್ನೆ: ಇಲ್ಲಿಂದ ಹೋಗೋದು ಸುಲಭ ಇತ್ತಾ? (ಸೇಡಂ ಓದುಗರು)

ಉತ್ತರ: ನಿಮಗೆ ಸುಲಭ, ವಾಡಿ–ಸಿಕಂದರಾಬಾದ್ ಲೈನು ನಿಮ್ಮ ಊರ ಮೇಲೇ ಹೋಗುತ್ತೆ. ನಾವು ಕಲಬುರಗಿಯವರು ಎಷ್ಟೋ ಸಲ ವಾಡಿಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಚಾದರ ಹಾಸಿ, ಮುಂದಿನ ಗಾಡಿ ಕಾಯಬೇಕಿತ್ತು. ಬಸ್ಸಾದರೆ ಗೌಲಿಗುಡಾದಲ್ಲಿ ಇಳಿಸ್ತಿತ್ತು. ನಿಜಾಮರ ಕಾಲದ ದೊಡ್ಡ ತಗಡಿನ ಹ್ಯಾಂಗರು, ಒಳಗೆ ಬಸ್ಸು ಹಾರ್ನ್ ಹೊಡೆದರೆ ಕಿವಿ ಗುಂಯ್. 2018ರಲ್ಲಿ ಅದು ಕುಸಿದುಬಿತ್ತು.

ಪ್ರಶ್ನೆ: ಹಳಬರು ಎಲ್ಲವನ್ನೂ ಹೊಗಳ್ತೀರಿ. ಕಷ್ಟವೇ ಇರಲಿಲ್ವಾ? (ಚಿತ್ತಾಪುರದ ಓದುಗ)

ಉತ್ತರ: ಇತ್ತು, ಜಾಸ್ತಿನೇ ಇತ್ತು. ನಮ್ಮನ್ನ ಟಾಕೀಸಿಗೆ ಬಿಟ್ಟ ರಿಕ್ಷಾದವರು ಅದೇ ರಿಕ್ಷಾದ ಸೀಟಿನಲ್ಲಿ ಕಾಲು ಮಡಚಿ ಮಲಗ್ತಿದ್ದರು, ಅವರಲ್ಲಿ ಮಳೆ ಇಲ್ಲದ ವರ್ಷ ನಮ್ಮ ಕಡೆಯಿಂದ ಹೋದವರೂ ಇದ್ದರು. ಹೋಟೆಲಿನಲ್ಲಿ ಕಪ್ಪು ತೊಳೆಯೋರು ಸಣ್ಣ ಹುಡುಗರು. 1978ರ ಗಲಾಟೆ ಆದಮೇಲೆ ಹಳೆ ಊರಿನಲ್ಲಿ ಕರ್ಫ್ಯೂ ಅನ್ನೋದು ಮತ್ತೆ ಮತ್ತೆ ಬಂತು. 1990ರ ಡಿಸೆಂಬರಿನ ಕೋಮುಗಲಭೆಯಂತೂ ಭಯಂಕರ. ಒಂದು ಕರ್ಫ್ಯೂ ಬಿದ್ದರೆ ದಿನಗೂಲಿಯವರ ಒಲೆ ಹೊತ್ತುತ್ತಿರಲಿಲ್ಲ. ರಾತ್ರಿ ಹೊರಗೆ ತಿರುಗೋ ಧೈರ್ಯ ಹೋಗಿದ್ದು ಟಿವಿ ಬಂದಿದ್ದಕ್ಕೆ ಮಾತ್ರ ಅಲ್ಲ.

ಪ್ರಶ್ನೆ: ಈಗ ಹೋದರೆ ಅದರಲ್ಲಿ ಏನಾದರೂ ಸಿಗುತ್ತಾ? (ಯಾದಗಿರಿಯ ಓದುಗರು)

ಉತ್ತರ: ಓರಿಯಂಟ್ ಇಲ್ಲ, ಎಷ್ಟೋ ಇರಾನಿ ಹೋಟೆಲು ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ಆದವು. 1935ರ ಮೊಅಜ್ಜಂ ಜಾಹಿ ಮಾರ್ಕೆಟ್ ಇದೆ, ಅಲ್ಲಿನ ಐಸ್‌ಕ್ರೀಮೂ ಇದೆ. ಚಾರ್ಮಿನಾರ್ ಪಕ್ಕದ ನಿಮ್ರಾದಲ್ಲಿ ಚಹಾ ಕುಡಿಯಿರಿ, ಆದ್ರೆ ನಿಂತುಕೊಂಡು. ಭಾನುವಾರ ಬೆಳಿಗ್ಗೆ ಅಬಿಡ್ಸ್ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಸಿಗುತ್ತವೆ, ಹೇಳಿದ ರೇಟು ಕೊಡಬೇಡಿ. ನುಮಾಯಿಶ್ ನೋಡಬೇಕು ಅಂದ್ರೆ ಸಂಕ್ರಾಂತಿ ಕಳೆದ ಮೇಲೆ, ವಾರದ ನಡುವಿನ ದಿನ ಹೋಗಿ. ಭಾನುವಾರ ಬೇಡ, ಗೇಟಿನಲ್ಲೇ ರಾತ್ರಿ ಕಳೆಯುತ್ತೆ.